ಇಂಗ್ಲಿಷಿನ ಕಾಲಗಳು ನಮ್ಮಲ್ಲಿಗೆ ಬಂದ ಬಗೆ

ಸಂಘದ ಕಪಾಟನ್ನು ಮೊನ್ನೆ ಓರಣಗೊಳಿಸುತ್ತಿದ್ದಾಗ, ಮೂಲೆ ಹರಿದ ಒಂದು ಕಡತದಲ್ಲಿ ನಮಗೊಂದು ಹಳೆಯ ಅರ್ಜಿ ಸಿಕ್ಕಿತು. ಬರೆದಾತ ಕುಂದಾಪುರದ ಕಡೆಯವನು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಡೊಂಬಿವಲಿಯ ಒಂದು ಚಾಳಿನ ಖೋಲಿಯಲ್ಲಿ ನಾಲ್ಕು ಜನರೊಂದಿಗೆ ಇದ್ದ ಹುಡುಗ. ಕಾರಖಾನೆಯೊಂದರ ಗುಮಾಸ್ತೆಯ ಕೆಲಸಕ್ಕೆ ಆತ ಬರೆದ ಅರ್ಜಿಯ ಎರಡನೆಯ ಸಾಲು ಹೀಗಿದೆ: 'ಐ ಹ್ಯಾವ್ ಪಾಸ್ಡ್ ಎಸ್.ಎಸ್.ಸಿ. ಇನ್ 1978.' ಮೂರನೆಯ ಸಾಲು: 'ಐ ಆ್ಯಮ್ ಸ್ಟೇಯಿಂಗ್ ಇನ್ ಡೊಂಬಿವಲಿ ಸಿನ್ಸ್ ಫೋರ್ ಇಯರ್ಸ್.' ಎರಡೂ ಸಾಲುಗಳ ಕೆಳಗೆ ಯಾರೋ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಅರ್ಜಿಯನ್ನು ಹಿಂದಕ್ಕೆ ಕಳಿಸಿದ್ದಾರೆ. ಕಾರಖಾನೆಯ ಹೆಸರು ಇಲ್ಲಿ ಬೇಡ. ಕೆಲಸವಂತೂ ಸಿಗಲಿಲ್ಲ.

ಆ ಕೆಂಪು ಗೆರೆ ನಮ್ಮನ್ನು ಬಹಳ ದಿನ ಕಾಡಿತು. ಹುಡುಗ ದಡ್ಡನಲ್ಲ. ತನ್ನ ತಾಯ್ನುಡಿಯಲ್ಲಿ ಸರಿಯಾಗಿ ಯೋಚಿಸಿ, ಅದನ್ನು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ಇಳಿಸಿದ್ದಾನೆ. '1978ರಲ್ಲಿ ಪಾಸಾಗಿದ್ದೇನೆ' ಎಂದರೆ ಕನ್ನಡದಲ್ಲಿ ಯಾವ ಪಂಡಿತನೂ ತಪ್ಪು ಹಿಡಿಯಲಾರ. 'ನಾಲ್ಕು ವರ್ಷದಿಂದ ಡೊಂಬಿವಲಿಯಲ್ಲಿ ಇದ್ದೇನೆ' ಎಂಬುದೂ ಅಷ್ಟೇ ಶುದ್ಧ. ಹಾಗಾದರೆ ಈ ಕೆಂಪು ಗೆರೆ ಎಳೆಯುವ ಅಧಿಕಾರ ಎಲ್ಲಿಂದ ಹುಟ್ಟಿತು, ಯಾವ ದಾರಿ ಹಿಡಿದು ನಮ್ಮ ಠಾಣೆ-ಕಲ್ಯಾಣದವರೆಗೆ ಬಂತು ಎಂದು ನೋಡುವ ಚಪಲ ನಮಗೆ ಹತ್ತಿತು. ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮ ಜೊತೆ ಬರಬೇಕು; ದಾರಿ ನೇರವಾಗಿಲ್ಲ.

ಮೊದಲು ನಮ್ಮ ಮನೆಯನ್ನೇ ನೋಡೋಣ. ಸುಮಾರು 1260ರ ಕಾಲದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಕನ್ನಡಕ್ಕೆ ಮೂರು ಕಾಲಗಳನ್ನು ಹೇಳಿದ. ಬಂದಂ ಎಂದರೆ ಭೂತ, ಬರ್ಪಂ ಎಂದರೆ ಭವಿಷ್ಯತ್, ಬಂದಪಂ ಎಂದರೆ ವರ್ತಮಾನ. ಸಂಸ್ಕೃತದಲ್ಲಿ ಭೂತಕಾಲಕ್ಕೇ ಮೂರು ರೂಪ, ಭವಿಷ್ಯತ್ತಿಗೆ ಎರಡು. ಆ ರಾಶಿಯನ್ನೆಲ್ಲ ಕನ್ನಡದ ತಲೆಯ ಮೇಲೆ ಹೇರದೆ ಮೂರಕ್ಕೆ ನಿಲ್ಲಿಸಿದ್ದು ಆತನ ವಿವೇಕ. ಆದರೆ ಆ 'ಬಂದಪಂ' ಕಾಲಕ್ರಮದಲ್ಲಿ ಸತ್ತುಹೋಯಿತು. ಅದರ ಜಾಗಕ್ಕೆ ಬಂದ 'ಬರುತ್ತಾನೆ' ಇವತ್ತಿಗೂ ನಾಳೆಗೂ ಒಂದೇ ಸಮನೆ ದುಡಿಯುತ್ತದೆ. 'ದಿನಾ ಬರುತ್ತಾನೆ' ಎನ್ನುತ್ತೇವೆ, 'ನಾಳೆ ಬರುತ್ತಾನೆ' ಎಂದೂ ಎನ್ನುತ್ತೇವೆ. 'ಬರುವನು' ಎಂಬುದು ಪುಸ್ತಕದಲ್ಲಿ ಉಳಿಯಿತು; ಬಾಯಲ್ಲಿ ಅದನ್ನು ಆಡುವವರು ಕಡಿಮೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಈ ಕಾರಣಕ್ಕೇ ಕನ್ನಡದಲ್ಲಿ ನಿಜವಾಗಿ ಇರುವುದು ಎರಡೇ ಕಾಲ, ಆದದ್ದು ಒಂದು, ಆಗದೆ ಇರುವುದು ಇನ್ನೊಂದು ಎಂದು ವಾದಿಸಿದರು. ಮೂರರ ಲೆಕ್ಕ ಸಂಸ್ಕೃತದ ಅಚ್ಚಿನಿಂದ ಬಂದದ್ದೆಂದು ಅವರ ಮತ. ಎಲ್ಲರೂ ಅದನ್ನು ಒಪ್ಪಿಲ್ಲ. ನಮಗಂತೂ ಅದರಲ್ಲಿ ಹುರುಳು ಕಾಣುತ್ತದೆ.

ಇನ್ನು ಹೋಟೆಲಿನ ಮಾಣಿಯನ್ನು ಕೇಳಿ ನೋಡಿ. ಗಿರಾಕಿ ಕೂಗಿದರೆ ಆತ 'ಬಂದೆ ಸಾರ್, ಬಂದೆ!' ಎನ್ನುತ್ತಾನೆ. ಬಂದಿಲ್ಲ, ಇನ್ನೂ ಅಡುಗೆಮನೆಯ ಬಾಗಿಲಲ್ಲೇ ಇದ್ದಾನೆ. ಆದರೂ ಭೂತಕಾಲ. ಇದನ್ನು ಇಂಗ್ಲಿಷಿಗೆ ಇಳಿಸಿ 'ಐ ಕೇಮ್ ಸರ್' ಎಂದರೆ ಗಿರಾಕಿ ಸುತ್ತ ನೋಡಿಯಾನು! ಯಾವ ವ್ಯಾಕರಣದ ಕೋಷ್ಟಕಕ್ಕೂ ಸಿಗದ ಇಂಥ ಬಳಕೆಗಳು ಎಲ್ಲ ಭಾಷೆಗಳಲ್ಲೂ ಇವೆ. ರೈಲ್ವೆಯವರು ನಾಳೆಯ ಗಾಡಿಗೂ 'ದ ಟ್ರೇನ್ ಲೀವ್ಸ್' ಎಂದು ವರ್ತಮಾನವನ್ನೇ ಬರೆಯುವುದಿಲ್ಲವೆ?

ಈಗ ಇಂಗ್ಲಿಷರ ಮನೆಗೆ ಹೋಗೋಣ. ಹನ್ನೆರಡು ಕಾಲಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದ ನಮಗೆ ಅಲ್ಲಿ ಮೊದಲ ಆಶ್ಚರ್ಯ ಕಾದಿದೆ. ಇಂಗ್ಲಿಷಿನ ಅತ್ಯಂತ ಹಳೆಯ ರೂಪದಲ್ಲಿ ಇದ್ದದ್ದೂ ಎರಡೇ ಕಾಲ! ಭವಿಷ್ಯತ್ತಿಗೆ ಬೇರೆ ರೂಪವೇ ಇರಲಿಲ್ಲ. 'ವಿಲ್' ಎಂದರೆ ಇಷ್ಟಪಡುವುದು, 'ಶಲ್' ಎಂದರೆ ಋಣಿಯಾಗಿರುವುದು. ಇಷ್ಟದಿಂದಲೂ ಋಣದಿಂದಲೂ ಮೆಲ್ಲಮೆಲ್ಲನೆ ಅವರು ಒಂದು ಭವಿಷ್ಯತ್ತನ್ನು ಕಟ್ಟಿಕೊಂಡರು. 'ಹ್ಯಾವ್' ಹಾಕುವ ಪದ್ಧತಿಯೂ ಹಾಗೆಯೇ ಹುಟ್ಟಿತು. 'ಐ ಹ್ಯಾವ್ ಕಾಟ್ ದ ಫಿಶ್' ಎಂಬುದರ ಮೂಲ ಅರ್ಥ 'ಹಿಡಿದ ಮೀನು ನನ್ನ ಬಳಿ ಇದೆ' ಎಂದಷ್ಟೆ. ಮೀನು ಈಗ ಬುಟ್ಟಿಯಲ್ಲಿದೆ. ಯಾವಾಗ ಹಿಡಿದೆ ಎಂಬುದು ಮಾತಿನ ವಿಷಯವಲ್ಲ. ಇಷ್ಟನ್ನು ತಿಳಿದುಕೊಂಡರೆ ನಮ್ಮ ಹುಡುಗನ ಎರಡನೆಯ ಸಾಲಿಗೆ ಕೆಂಪು ಗೆರೆ ಏಕೆ ಬಿತ್ತೆಂಬುದು ಹೊಳೆಯುತ್ತದೆ. 'ಹ್ಯಾವ್ ಪಾಸ್ಡ್' ಎಂದರೆ ಪಾಸಾದ ಫಲ ಈಗ ಕೈಯಲ್ಲಿದೆ. ಆಮೇಲೆ 'ಇನ್ 1978' ಎಂದು ಇಸವಿ ಹಾಕಿದ ಕೂಡಲೇ ಮಾತು ಹಿಂದಕ್ಕೆ ಹೋಯಿತು. ಇಂಗ್ಲಿಷ್ ಆಗ 'ಐ ಪಾಸ್ಡ್' ಎಂಬ ಬರಿಯ ಭೂತವನ್ನು ಬೇಡುತ್ತದೆ. ಕನ್ನಡದ 'ಪಾಸಾಗಿದ್ದೇನೆ' ಎಂಬುದರಲ್ಲೂ 'ಇದ್ದೇನೆ' ಎಂಬ ವರ್ತಮಾನ ಕೂತಿದೆ, ಆದರೆ ನಮ್ಮ ಭಾಷೆ ಉದಾರಿ, ಇಸವಿಯನ್ನೂ ಸಹಿಸಿಕೊಳ್ಳುತ್ತದೆ.

ಮೂರನೆಯ ಸಾಲಿನ ಕಥೆಯೂ ಸಣ್ಣದಲ್ಲ. ನಮ್ಮ 'ಇಂದ' ಎಂಬ ಒಂದೇ ಪ್ರತ್ಯಯ '1978ರಿಂದ' ಎಂಬಲ್ಲಿಯೂ 'ನಾಲ್ಕು ವರ್ಷದಿಂದ' ಎಂಬಲ್ಲಿಯೂ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಆರಂಭದ ಗಳಿಗೆಗೆ 'ಸಿನ್ಸ್', ಕಾಲದ ಉದ್ದಕ್ಕೆ 'ಫಾರ್'. ಮೇಲಾಗಿ, ಹಿಂದೆ ತೊಡಗಿ ಇಂದಿನವರೆಗೆ ನಡೆದುಬಂದದ್ದಕ್ಕೆ ಅವರು ಬರಿಯ ವರ್ತಮಾನವನ್ನು ಒಪ್ಪುವುದಿಲ್ಲ. 'ಐ ಹ್ಯಾವ್ ಬೀನ್ ಸ್ಟೇಯಿಂಗ್ ಇನ್ ಡೊಂಬಿವಲಿ ಫಾರ್ ಫೋರ್ ಇಯರ್ಸ್' ಎನ್ನಬೇಕು. ಒಂದು ಸಾಲಿನಲ್ಲಿ ಎರಡು ಬಲೆ!

ಎರಡು ಕಾಲ ಹನ್ನೆರಡಾದದ್ದು ಹೇಗೆ? ಇಂಗ್ಲಿಷಿಗೆ ವ್ಯಾಕರಣ ಬರೆದ ಮೊದಲಿಗರೆಲ್ಲ ಲ್ಯಾಟಿನ್ ಓದಿದವರು. ಲ್ಯಾಟಿನ್ನಿನ ಕೋಷ್ಟಕದ ಪ್ರತಿ ಖಾನೆಗೂ ಇಂಗ್ಲಿಷಿನಿಂದ ಏನಾದರೊಂದನ್ನು ತಂದು ತುಂಬಿದರು. ನಮ್ಮವರು ಸಂಸ್ಕೃತವನ್ನು ನೋಡಿ ಮಾಡಿದ್ದೂ ಇದೇ ಅಲ್ಲವೆ? 1653ರಲ್ಲಿ ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ ಲ್ಯಾಟಿನ್ ಭಾಷೆಯಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಪರದೇಶದವರಿಗೆ ಇಂಗ್ಲಿಷ್ ಕಲಿಸುವುದು ಅದರ ಉದ್ದೇಶಗಳಲ್ಲೊಂದು. 'ಐ' ಮತ್ತು 'ವಿ'ಗೆ 'ಶಲ್', ಉಳಿದವರಿಗೆ 'ವಿಲ್' ಎಂಬ ನಿಯಮ ಅದರಲ್ಲಿದೆ. ಈ ನಿಯಮಕ್ಕಾಗಿ ನಮ್ಮ ಪೀಳಿಗೆಯವರು ಕಳೆದುಕೊಂಡ ಅಂಕಗಳನ್ನು ಕೂಡಿಸಿದರೆ ಒಂದು ಪದವಿಯೇ ಬರುತ್ತಿತ್ತೇನೊ! 1906ರಲ್ಲಿ ಫೌಲರ್ ಸಹೋದರರು, ದಕ್ಷಿಣ ಇಂಗ್ಲೆಂಡಿನಲ್ಲಿ ಹುಟ್ಟದವರಿಗೆ ಇದು ಸುಲಭದಲ್ಲಿ ಸಾಧಿಸತಕ್ಕದ್ದಲ್ಲವೆಂದು ಕೈಚೆಲ್ಲಿ ಬರೆದರು. ಸ್ಕಾಟ್ಲೆಂಡಿನವರಿಗೇ ಕೂಡದ್ದು ಶಿರಸಿಯವರಿಗೆ ಹೇಗೆ ಕೂಡೀತು?

ವಿರೋಧಿಸಿದವರೂ ಇದ್ದರು. ಆಮ್ಲಜನಕದ ಶೋಧದಿಂದ ಹೆಸರಾದ ಜೋಸೆಫ್ ಪ್ರೀಸ್ಟ್ಲಿ 1761ರಲ್ಲೇ ಒಂದು ವ್ಯಾಕರಣ ಬರೆದು, ಲ್ಯಾಟಿನ್ನಿನ ಭವಿಷ್ಯತ್ಕಾಲದ ಗೊಡವೆ ಇಂಗ್ಲಿಷಿಗೆ ಬೇಡವೆಂದು ಹೇಳಿದ್ದ. ಆದರೆ ಗೆದ್ದದ್ದು ಆತನಲ್ಲ, ಲಿಂಡ್ಲಿ ಮರೇ. ಅಮೆರಿಕದಲ್ಲಿ ವಕೀಲನಾಗಿದ್ದು ಇಂಗ್ಲೆಂಡಿನ ಯಾರ್ಕ್‌ನಲ್ಲಿ ನೆಲಸಿದ ಈತ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ 1795ರಲ್ಲಿ ಬರೆದ ವ್ಯಾಕರಣ ಇಂಗ್ಲಿಷರ ರಾಜ್ಯವೆಲ್ಲ ಹರಡಿತು. ಅದರಲ್ಲಿ ಆರು ಕಾಲ. ನಡೆಯುತ್ತಿರುವ ಕ್ರಿಯೆಯನ್ನು ಪ್ರತ್ಯೇಕವಾಗಿ ಎಣಿಸಿದ ಮೇಲಿನ ಶಾಲಾಪುಸ್ತಕಗಳು ಆರನ್ನು ಹನ್ನೆರಡು ಮಾಡಿದವು.

ಇದೇ ಹೊತ್ತಿಗೆ ನಮ್ಮ ಭಾಷೆಯ ಮುಂದೆ ಅವರೂ ಬೆವರುತ್ತಿದ್ದರೆಂಬುದು ನಮಗೆ ಸ್ವಲ್ಪ ಸಮಾಧಾನದ ಸಂಗತಿ. ಸೀರಾಂಪುರದ ವಿಲಿಯಂ ಕೇರಿ 1817ರಲ್ಲಿ, ಮೆಕೆರೆಲ್ 1820ರಲ್ಲಿ ಕನ್ನಡ ವ್ಯಾಕರಣಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಮುಂದೆ ಹಾಡ್ಸನ್ ಬಂದ, 1903ರಲ್ಲಿ ಕಿಟ್ಟೆಲರ ದೊಡ್ಡ ವ್ಯಾಕರಣ ಬಂತು. 'ಮಾಡೆನು' ಎಂಬ ನಮ್ಮ ನಿಷೇಧರೂಪ ನೋಡಿ. ಮಾಡುವುದಿಲ್ಲ, ಮಾಡಲಿಲ್ಲ, ಮಾಡಲಾರೆ, ಎಲ್ಲಕ್ಕೂ ಅದೊಂದೇ. ಅದಕ್ಕೆ ಕಾಲವೇ ಇಲ್ಲ! ಮಾಡದ ಕೆಲಸಕ್ಕೆ ಕಾಲವೇಕೆ ಎಂದು ನಮ್ಮ ಹಿರಿಯರು ಬಗೆದರೊ ಏನೊ. ಇನ್ನು 'ಮಾಡಿಯಾನು' ಎಂಬ ಸಂಭಾವನೆಯ ರೂಪ. ಇಂಗ್ಲಿಷಿನಲ್ಲಿ ಅದಕ್ಕೆ ಮೂರು ನಾಲ್ಕು ಮಾತು ಬೇಕು.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಉಗಿಬಂಡಿ ಓಡಿತು. ಮರುವರ್ಷ ಕಲ್ಯಾಣಕ್ಕೂ ಹಳಿ ಮುಟ್ಟಿತು. ಒಂದು ಮೋಜಿನ ಸಂಗತಿ ಇದೆ. 'ರಸ್ತೆ ಕಟ್ಟಲಾಗುತ್ತಿದೆ' ಎನ್ನಲು ಇಂಗ್ಲಿಷರು ಹಿಂದಿನಿಂದ 'ದ ರೋಡ್ ಈಸ್ ಬಿಲ್ಡಿಂಗ್' ಎನ್ನುತ್ತಿದ್ದರು. 'ಈಸ್ ಬೀಯಿಂಗ್ ಬಿಲ್ಟ್' ಎಂಬುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಲೆಯೆತ್ತಿದ ಹೊಸ ರೂಪ. ಠಾಣೆಯ ಹಳಿ ಹಾಕುತ್ತಿದ್ದ ಕಾಲದಲ್ಲಿ ಅವರ ಪಂಡಿತರು ಈ ಹೊಸ ರೂಪ ಅಸಭ್ಯ, ಅಶುದ್ಧ ಎಂದು ಇನ್ನೂ ಜಗಳವಾಡುತ್ತಿದ್ದರು. ಇಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುವುದು ಆ 'ಅಶುದ್ಧ' ರೂಪವನ್ನೇ. 'ದ ರೋಡ್ ಈಸ್ ಬಿಲ್ಡಿಂಗ್' ಎಂದು ಬರೆದರೆ ಈಗ ಕೆಂಪು ಗೆರೆ.

ಕಲ್ಯಾಣಕ್ಕೆ ರೈಲು ಬಂದ 1854ರಲ್ಲೇ ವುಡ್ ಸಾಹೇಬರ ಶಿಕ್ಷಣ ನಿರೂಪವೂ ಬಂತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂಗ್ಲಿಷ್ ಇನ್ನು ಅನ್ನದ ದಾರಿ. ಮುಂಬಯಿಯಲ್ಲಿ ದಾದೋಬಾ ಪಾಂಡುರಂಗ ತರ್ಖಡಕರರು 1836ರಲ್ಲೇ ಮರಾಠಿಗೆ ವ್ಯಾಕರಣ ಬರೆದಿದ್ದರು. ಮುಂದೆ ಅದೇ ಅಡ್ಡಹೆಸರಿನ 'ಭಾಷಾಂತರ ಪಾಠಮಾಲೆ' ಮರಾಠಿ ಮನೆಗಳಲ್ಲಿ ಇಂಗ್ಲಿಷ್ ಕಲಿಕೆಯ ಪಂಚಾಂಗವೇ ಆಯಿತು. ಒಂದೊಂದು ಕಾಲವನ್ನೂ ಮರಾಠಿ ವಾಕ್ಯದೊಂದಿಗೆ ಜೋಡಿಸಿ ತೋರಿಸುವ ಅದರ ರೀತಿ ಈಗಲೂ ನಮಗೆ ಮೆಚ್ಚುಗೆ. ಕಲ್ಯಾಣದ ಹೆಸರು ಬಂದಾಗ ಆನಂದೀಬಾಯಿ ಜೋಶಿಯವರನ್ನು ನೆನೆಯದೆ ಮುಂದೆ ಹೋಗಲಾರೆವು. 1865ರಲ್ಲಿ ಈ ಊರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮದುವೆಯಾಗಿ, ಗಂಡನ ಒತ್ತಾಯದಿಂದ ಓದಲು ತೊಡಗಿದ ಆಕೆ, ಅಮೆರಿಕದ ಮಹಿಳೆಯೊಬ್ಬರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಷ್ಟು ಬೆಳೆದು, 1886ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ವೈದ್ಯಕೀಯ ಪದವಿ ಪಡೆದರು. ಮರುವರ್ಷವೇ ತೀರಿಕೊಂಡರು.

ಆಮೇಲೆ ಬಂದದ್ದು ರೆನ್ ಮತ್ತು ಮಾರ್ಟಿನ್. 1930ರ ದಶಕದ ಈ ವ್ಯಾಕರಣದ ಹೆಸರು ಕೇಳದ ಮನೆ ನಮ್ಮಲ್ಲಿ ಇಲ್ಲ. ರೆನ್ ಸಾಹೇಬ ಹಿಂದುಸ್ತಾನದ ಶಿಕ್ಷಣ ಇಲಾಖೆಯಲ್ಲಿ ಇದ್ದವನು. ಫ್ರೆಂಚರ ಪರದೇಶಿ ಸೈನ್ಯದ ಸಾಹಸದ 'ಬೋ ಜೆಸ್ಟ್' ಎಂಬ 1924ರ ಕಾದಂಬರಿಯೂ ಅವನದೇ. ಈ ವ್ಯಾಕರಣವನ್ನು ಪ್ರಕಟಿಸಿದ ಕೂಪರ್ ಸಂಸ್ಥೆ ನಮ್ಮ ಮುಂಬಯಿಯದೇ. ಯಾರ್ಕಿನ ಕೋಷ್ಟಕ ಹೀಗೆ ಮುಂಬಯಿಯಲ್ಲಿ ಅಚ್ಚಾಗಿ ನಮ್ಮ ಕೈಚೀಲಕ್ಕೆ ಬಂತು.

ನಮ್ಮವರು ಈ ಪ್ರದೇಶಕ್ಕೆ ಬಂದದ್ದು ಎರಡು ದಿಕ್ಕಿನಿಂದ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯವರು 1956ರ ವರೆಗೆ ಮುಂಬಯಿ ಪ್ರಾಂತಕ್ಕೇ ಸೇರಿದವರು. ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡಿನವರು ಮದ್ರಾಸಿಗೆ ಸೇರಿದವರು. ಸ್ವಾತಂತ್ರ್ಯದ ಬಳಿಕ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಮುಂದೂಡಿತು. ಹನ್ನೆರಡು ಹದಿಮೂರು ವರ್ಷಕ್ಕೆ ಎ, ಬಿ, ಸಿ. ನಾಲ್ಕು ವರ್ಷ ಕಳೆಯುವುದರೊಳಗೆ ಹನ್ನೆರಡೂ ಕಾಲ! ತಾಯ್ನುಡಿಯಲ್ಲಿ ಬುನಾದಿ ಗಟ್ಟಿಯಾಗಲಿ ಎಂಬ ಉದ್ದೇಶ ಒಳ್ಳೆಯದೇ ಇತ್ತು, ಅದನ್ನು ನಾವು ಹಳಿಯುವುದಿಲ್ಲ. ಆದರೆ ಬುನಾದಿಯ ಮೇಲೆ ಗೋಡೆ ಎಬ್ಬಿಸುವ ಮೇಷ್ಟ್ರುಗಳನ್ನು ಸಿದ್ಧಪಡಿಸುವ ಕೆಲಸ ತಡವಾಯಿತು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದದ್ದು 1958ರಲ್ಲಿ, ಬೆಂಗಳೂರಿನ ಪ್ರಾದೇಶಿಕ ಸಂಸ್ಥೆ 1963ರಲ್ಲಿ. ಆಗ ಬಂದ ಹೊಸ ಪದ್ಧತಿಯಲ್ಲಿ ಮೇಷ್ಟ್ರು ಬಾಗಿಲ ಕಡೆಗೆ ನಡೆಯುತ್ತಲೇ 'ಐ ಆ್ಯಮ್ ವಾಕಿಂಗ್ ಟು ದ ಡೋರ್' ಎಂದು ಹೇಳಿ ತೋರಿಸುತ್ತಿದ್ದರು. ನೋಡಲು ಚೆನ್ನ. ಆದರೆ ಎಲ್ಲದಕ್ಕೂ 'ಇಂಗ್' ಹಚ್ಚುವ ನಮ್ಮ ಚಟ, 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್', 'ಐ ಆ್ಯಮ್ ನೋಯಿಂಗ್ ಹಿಮ್', ಇದರಿಂದಲೇ ಇನ್ನಷ್ಟು ಬೆಳೆಯಿತೇ ಎಂದು ನಮಗೆ ಅನುಮಾನ. ಮುಂಬಯಿಯ ಕವಿ ನಿಸ್ಸಿಮ್ ಎಝೆಕಿಯಲ್ ಈ 'ಇಂಗ್' ಅನ್ನೇ ಹಿಡಿದು ಕವಿತೆಗಳನ್ನು ಬರೆದು ನಗಿಸಿದರು. ಓದಿ ನಾವೂ ನಕ್ಕೆವು. ಸ್ವಲ್ಪ ಚುಚ್ಚಿತು ಕೂಡ.

ಹೋಟೆಲು, ಗಿರಣಿ, ಗೋದಿಗಳಲ್ಲಿ ದುಡಿದವರ ಪಾಲಿಗೆ ರಾತ್ರಿ ಶಾಲೆಗಳೇ ಸರಸ್ವತಿ. ಮೊಗವೀರರು, ಬಿಲ್ಲವರು ಮತ್ತಿತರ ಸಮಾಜದವರು ಮುಂಬಯಿಯಲ್ಲಿ ನಡೆಸಿದ ಈ ಶಾಲೆಗಳ ಋಣ ದೊಡ್ಡದು. ಹದಿನಾಲ್ಕು ತಾಸು ನಿಂತು ದುಡಿದ ಹುಡುಗ ರಾತ್ರಿ ಬೆಂಚಿನ ಮೇಲೆ ಕೂತು 'ಗೋ, ವೆಂಟ್, ಗಾನ್' ಎಂದು ತೂಕಡಿಸುತ್ತ ಹೇಳುತ್ತಿದ್ದ ಚಿತ್ರ ನಮ್ಮ ಕಣ್ಣ ಮುಂದಿದೆ. 1962ರಲ್ಲಿ ಎಂ.ಐ.ಡಿ.ಸಿ. ಹುಟ್ಟಿದ ಮೇಲೆ ಠಾಣೆಯ ವಾಗಳೆ ಎಸ್ಟೇಟು, ಡೊಂಬಿವಲಿ, ಠಾಣೆ-ಬೇಲಾಪುರ ರಸ್ತೆಗಳಲ್ಲಿ ಕಾರಖಾನೆಗಳು ಎದ್ದವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯ ಆಚೆ ಹೊಸ ನಗರ ತೊಡಗಿತು. ಪಗಡಿ ಕೊಡಲಾಗದ ನಮ್ಮವರು ಹಳಿಯನ್ನು ಹಿಡಿದು ಈ ಕಡೆಗೆ ಸರಿದರು. ಎಲ್ಲ ಕಡೆ ಅರ್ಜಿ, ಅರ್ಜಿಯೆಂದರೆ ಇಂಗ್ಲಿಷು. 1982ರ ಜನವರಿ 18ರಂದು ಗಿರಣಿ ಮುಷ್ಕರ ಸುರುವಾದ ಬಳಿಕವಂತೂ, ಹತ್ತಾರು ವರ್ಷ ಮಗ್ಗ ನಡೆಸಿದ ಕೈಗಳು ನಮ್ಮ ಮುಂದೆ ಕಾಗದ ಚಾಚಿ 'ಒಂದು ಅರ್ಜಿ ಬರೆದು ಕೊಡಿ' ಎಂದು ನಿಂತದ್ದನ್ನು ಮರೆಯಲಾರೆವು. ಅವರ ಹೆಸರಿನಲ್ಲಿ ನಾವು ಬರೆದೆವು. ಸಂದರ್ಶನಕ್ಕೆ ಹೋದಾಗ ಮಾತಾಡಬೇಕಾದವರು ಅವರು.

ಈ ಭಯವೇ ಕನ್ನಡ ಶಾಲೆಗಳನ್ನು ಬರಿದು ಮಾಡಿತೆಂಬುದು ನಮ್ಮ ತಿಳಿವಳಿಕೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಅವುಗಳಲ್ಲಿ ಕನ್ನಡವೂ ಒಂದು. ಮಹಾರಾಷ್ಟ್ರ ಸರಕಾರ 2000ದಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷನ್ನು ತಂದಿತು. ಆದರೆ ಅಷ್ಟರಲ್ಲಿ ನಮ್ಮ ತಂದೆತಾಯಿಗಳು ಮನಸ್ಸು ಮಾಡಿ ಆಗಿತ್ತು. ತಾವು ಪಟ್ಟ ಅವಮಾನ ಮಕ್ಕಳಿಗೆ ಬೇಡವೆಂದು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರು. ಅವರನ್ನು ದೂರುವ ಬಾಯಿ ನಮಗಿಲ್ಲ; ನಾವೂ ಹಾಕಿದೆವು. ಈಗ ಮೊಮ್ಮಕ್ಕಳು 'ಹ್ಯಾವ್ ಬೀನ್' ಎಂದು ತಪ್ಪಿಲ್ಲದೆ ಹೇಳುತ್ತಾರೆ, 'ಬಂದಿದ್ದೇನೆ' ಎನ್ನಲು ತಡವರಿಸುತ್ತಾರೆ.

ನಮ್ಮನ್ನು ಹೆಚ್ಚು ಕೊರೆಯುವುದು ಇನ್ನೊಂದು. ಕನ್ನಡವನ್ನು ಬದಿಗಿಟ್ಟು ಇಂಗ್ಲಿಷ್ ಕಲಿಸಲು ಹೊರಟದ್ದೇ ಎಡವಟ್ಟು. 'ಡಿಡ್ ನಾಟ್ ವೆಂಟ್' ಎಂಬ ತಪ್ಪನ್ನು ಎಷ್ಟು ಮೇಷ್ಟ್ರುಗಳು ಎಷ್ಟು ಬೆತ್ತ ಮುರಿದು ತಿದ್ದಲು ನೋಡಿಲ್ಲ! ಆದರೆ ಕನ್ನಡದಲ್ಲಿ 'ಹೋದೆ' ಎಂಬುದನ್ನು ಅಲ್ಲಗಳೆಯುವಾಗ ನಾವು ಏನೆನ್ನುತ್ತೇವೆ? 'ಹೋಗಲಿಲ್ಲ.' 'ಹೋದಲಿಲ್ಲ' ಎಂದು ಹುಟ್ಟಿದ ಮಗುವೂ ಹೇಳುವುದಿಲ್ಲ. ಭೂತದ ಗುರುತನ್ನು ಕ್ರಿಯಾಪದದಿಂದ ಕಿತ್ತು ಮೂಲ 'ಹೋಗು'ವಿಗೆ ಮರಳುತ್ತೇವೆ. ಇಂಗ್ಲಿಷೂ ಮಾಡುವುದು ಅದನ್ನೇ: 'ವೆಂಟ್' ಬಿಟ್ಟು 'ಡಿಡ್ ನಾಟ್ ಗೋ.' ಭಾನುವಾರ ಸಂಘದ ಕೋಣೆಯಲ್ಲಿ ನಡೆಯುವ ವರ್ಗದಲ್ಲಿ ಇದನ್ನು ಹಲಗೆಯ ಮೇಲೆ ಬರೆದಾಗ ಕಲ್ಯಾಣದಿಂದ ಬರುವ ತಾಯಿಯೊಬ್ಬರು, 'ಇಷ್ಟೇನಾ?' ಎಂದು ಕೇಳಿದರು. ಹೌದು ತಾಯಿ, ಇಷ್ಟೇ.

ಎಲ್ಲವೂ ಹೀಗೆ ಕೂಡುವುದಿಲ್ಲವೆನ್ನಿ. 'ನಿನ್ನೆ ದಾದರಕ್ಕೆ ಹೋಗಿದ್ದೆ' ಎಂಬುದನ್ನು ನಾವು 'ಐ ಹ್ಯಾಡ್ ಗಾನ್' ಎನ್ನುತ್ತೇವೆ, ಮರಾಠಿಯವರು 'ಗೇಲೊ ಹೋತೊ' ಎಂಬುದನ್ನೂ ಹಾಗೆಯೇ ಎನ್ನುತ್ತಾರೆ. ಇಂಗ್ಲಿಷಿನ 'ಹ್ಯಾಡ್'ಗೆ ಅದರ ಬಳಿಕ ನಡೆದ ಇನ್ನೊಂದು ಸಂಗತಿ ಬೇಕು. 'ನಾನು ಪ್ಲಾಟ್‌ಫಾರಂ ಮುಟ್ಟುವ ಹೊತ್ತಿಗೆ ಫಾಸ್ಟ್ ಗಾಡಿ ಹೋಗಿಬಿಟ್ಟಿತ್ತು' ಎಂಬಲ್ಲಿ 'ಹ್ಯಾಡ್' ಸರಿ. ಡೊಂಬಿವಲಿಯವರಿಗೆ ಈ ಉದಾಹರಣೆಯನ್ನು ಎರಡನೆಯ ಸಲ ವಿವರಿಸಬೇಕಾಗಿಲ್ಲ. ಹಾಗೆಯೇ 'ಹೋಗುತ್ತಿದ್ದೆ' ಎಂಬ ನಮ್ಮ ಒಂದು ಮಾತಿಗೆ ಅವರಲ್ಲಿ ಎರಡು. ಆ ಗಳಿಗೆಯಲ್ಲಿ ಹೋಗುತ್ತಿದ್ದರೆ 'ವಾಸ್ ಗೋಯಿಂಗ್', ರೂಢಿಯಾಗಿ ಹೋಗುತ್ತಿದ್ದರೆ 'ಯೂಸ್ಡ್ ಟು ಗೋ.'

ಅರ್ಜಿ ಬರೆದ ಹುಡುಗನ ಸಂಗತಿ ಹೇಳುವುದು ಉಳಿಯಿತು. ಗುಮಾಸ್ತೆಯಾಗದೆ ಆತ ಮುಂದೆ ವಾಶಿಯಲ್ಲಿ ಸಣ್ಣದೊಂದು ಹೋಟೆಲು ಇಟ್ಟರು. ಈಗ ಅದನ್ನು ಮಗ ನೋಡಿಕೊಳ್ಳುತ್ತಾನೆ. ಕಳೆದ ತಿಂಗಳು ಸಂಘಕ್ಕೆ ಬಂದಾಗ ಆ ಕಾಗದವನ್ನು ಅವರ ಕೈಗೆ ಕೊಟ್ಟೆವು. ಕನ್ನಡಕ ಏರಿಸಿ ಎರಡು ಸಲ ಓದಿ, 'ಇದ್ರಗೆ ತಪ್ಪ್ ಎಲ್ಲಿತ್ತ್ ಮಾರಾಯ್ರೆ?' ಎಂದರು. ಪಕ್ಕದಲ್ಲಿ ಕೂತಿದ್ದ ಧಾರವಾಡದ ನಿವೃತ್ತ ಮೇಷ್ಟ್ರು ತಟ್ಟನೆ, 'ಇತ್ತು ಅಂತೀರಲ್ಲ, ಹಂಗಾರ ಈಗ ಇಲ್ಲೇನ್ರಿ?' ಎಂದು ಕೇಳಿದರು. ಕುಂದಾಪುರದಲ್ಲಿ 'ಇತ್ತ್' ಎಂದರೆ 'ಇದೆ' ಎಂದೇ ಅರ್ಥವೆಂದು ಮೇಷ್ಟ್ರಿಗೆ ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಗಿತ್ತು.